ಮೂವತ್ತು ವರ್ಷದ ಹಿಂದಿನ ಟ್ರ್ಯಾಕು ಡಾಲ್ಬಿಯಲ್ಲಿ ಯಾಕೆ ಸೊರಗುತ್ತದೆ?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದವನು, ವಯಸ್ಸು 26. ಆರು ವರ್ಷದಿಂದ ಮದುವೆ, ಹುಟ್ಟುಹಬ್ಬ, ಗಣೇಶೋತ್ಸವಗಳಲ್ಲಿ ಡಿಜೆ ಆಗಿ ದುಡಿಯುತ್ತಿದ್ದೇನೆ. ನನ್ನ ಸೋದರಮಾವ 2000ರ ಆಸುಪಾಸಿನಲ್ಲಿ ಗೋವಾದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದರು. ಅವರ ಹಳೆಯ ಟ್ರಂಕಿನಲ್ಲಿ ಗ್ಲೋಬಲ್ ಅಂಡರ್‌ಗ್ರೌಂಡ್ ಸರಣಿಯ ಎರಡು ಸಿಡಿ ಸಿಕ್ಕವು. ಅಂದಿನಿಂದ ಪ್ರೊಗ್ರೆಸಿವ್ ಹೌಸ್ ಎಂಬ ಹಳೆಯ ಕ್ಲಬ್ ನೃತ್ಯಸಂಗೀತದ ಹುಚ್ಚು ಹಿಡಿದಿದೆ. ಕಳೆದ ತಿಂಗಳು ಗೆಳೆಯನ ಹುಟ್ಟುಹಬ್ಬದಲ್ಲಿ ಡಾಲ್ಬಿ ಸ್ಪೀಕರುಗಳಲ್ಲಿ ಆ ಕಾಲದ ನಾಲ್ಕು ಟ್ರ್ಯಾಕು ಹಾಕಿದೆ. ಹೊಸದರ ಪಕ್ಕದಲ್ಲಿ ಅವು ಸೊರಗಿದಂತೆ ಕೇಳಿದವು, ಎರಡು ಟ್ರ್ಯಾಕುಗಳ ಬೀಟನ್ನು ತಾನೇ ಹೊಂದಿಸುವ ಸಿಂಕ್ ಗುಂಡಿ ಒತ್ತಿದರೂ ಬೀಟು ಜಾರಿತು, ಜನ ಊಟಕ್ಕೆ ಎದ್ದುಹೋದರು. ‘ಪ್ರೊಗ್ರೆಸಿವ್ ಎಂದರೆ ಡಿಜೆ ಅವೀಚಿ, ಇದೇನು ಮುದುಕರ ಹಾಡು’ ಎಂದು ಗೆಳೆಯರು ನಗುತ್ತಾರೆ. ಪುಣೆಯ ಹಿರಿಯ ಡಿಜೆಯೊಬ್ಬರು ‘ವಿನೈಲಿನಲ್ಲಿ, ಅಂದರೆ ಕಪ್ಪು ರೆಕಾರ್ಡು ತಟ್ಟೆಯಲ್ಲಿ ನುಡಿಸದಿದ್ದರೆ ಅದು ನಕಲು’ ಎಂದು ಹೇಳಿ, ತಮ್ಮ ಎರಡು ಟರ್ನ್‌ಟೇಬಲ್ ಮತ್ತು ಮಿಕ್ಸರನ್ನು 1.80 ಲಕ್ಷಕ್ಕೆ ಕೊಡಲು ಸಿದ್ಧರಿದ್ದಾರೆ. ಅಪ್ಪ ಇದು ನಶೆಯ ಸಂಗೀತ ಎನ್ನುತ್ತಾರೆ. ಮುಂದಿನ ತಿಂಗಳು ಬೆಳಗಾವಿಯ ಖಾನಾಪುರ ರಸ್ತೆಯ ಕೆಫೆಯೊಂದರ ಅಂಗಳದಲ್ಲಿ ಎರಡು ತಾಸು ನುಡಿಸುವ ಅವಕಾಶ ಸಿಕ್ಕಿದೆ. ಸಾಲ ಮಾಡಿ ಟರ್ನ್‌ಟೇಬಲ್ ಕೊಳ್ಳಲೇ? ನಾನು ಹುಟ್ಟುವ ಮೊದಲಿನ ಸಂಗೀತವನ್ನು ನಾನು ನುಡಿಸುವುದು ಬರೀ ತೋರಿಕೆಯಾಗುತ್ತದೆಯೇ? ನನ್ನ ಹನ್ನೊಂದು ಫೈಲುಗಳನ್ನು ಜೊತೆಗೆ ಕಳುಹಿಸಿದ್ದೇನೆ.

ಉತ್ತರ: ಸಾಲ ಮಾಡಬೇಡಿ. ಅದೊಂದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಇದನ್ನು ಓದಿ ಮುಗಿಸುವಷ್ಟರಲ್ಲಿ ಪುಣೆಯಿಂದ ಸಾಮಾನು ಹೊರಟುಬಿಟ್ಟರೆ ಕಷ್ಟ.

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಚಿಂತೆ ಒಂದೇ ಎನಿಸಿತು. ಮನೆಯಲ್ಲಿ ಹೆಡ್‌ಫೋನಿನಲ್ಲಿ ಮೈ ಜುಮ್ಮೆನಿಸಿದ್ದು ಜನರ ಮುಂದೆ ಯಾಕೆ ಸತ್ತುಹೋಯಿತು? ತಪ್ಪು ಸಂಗೀತದ್ದೋ, ಜನರದ್ದೋ, ನನ್ನದೋ? ಫೈಲು ಕಳುಹಿಸಿ ಒಳ್ಳೆಯ ಕೆಲಸ ಮಾಡಿದಿರಿ. ಟಿಳಕವಾಡಿಯ ನನ್ನ ಕೋಣೆಯಲ್ಲಿ ಎರಡು ಸಂಜೆ ಕೂತು ಹನ್ನೊಂದನ್ನೂ ಕೇಳಿದೆ. ತಪ್ಪಿನ ದೊಡ್ಡ ಪಾಲು ಫೈಲುಗಳದ್ದು, ಒಂದಿಷ್ಟು ಸ್ಪೀಕರಿನದ್ದು, ಉಳಿದದ್ದು ಕೈಗೆ ಅಂಟಿದ ಅಭ್ಯಾಸದ್ದು. ಸಂಗೀತ ಚೆನ್ನಾಗಿಯೇ ಇದೆ.

ಹನ್ನೊಂದರಲ್ಲಿ ಏಳು ಫೈಲುಗಳು ವಿಡಿಯೊ ತಾಣದಿಂದ ಇಳಿಸಿಕೊಂಡವು. ಹೆಸರಿನ ಕೊನೆಯಲ್ಲಿ ‘ವೇವ್’ (ಕುಗ್ಗಿಸದ ಧ್ವನಿಯ ಫೈಲು) ಎಂದಿದೆ ನಿಜ. ಆದರೆ ಆಡಾಸಿಟಿ ಎಂಬ ಧ್ವನಿ ಸಾಫ್ಟ್‌ವೇರಿನಲ್ಲಿ ತೆರೆದು ಸ್ಪೆಕ್ಟ್ರಮ್, ಅಂದರೆ ಯಾವ ಎತ್ತರದ ದನಿ ಎಷ್ಟಿದೆ ಎಂಬ ನಕ್ಷೆ ನೋಡಿದರೆ 16,000 ಹರ್ಟ್ಸ್ ಮೇಲೆ ಏನೂ ಇಲ್ಲ. ಕತ್ತರಿಯಿಂದ ಕತ್ತರಿಸಿದಂತೆ ಖಾಲಿ. ಕಡಿಮೆ ದರ್ಜೆಯ ಎಂಪಿ3 ಆಗಿ ಒಮ್ಮೆ ಕುಗ್ಗಿದ ಧ್ವನಿಯ ಗುರುತು ಅದು. ಅದನ್ನು ಮತ್ತೆ ವೇವ್ ಮಾಡುವುದೆಂದರೆ ನೀರು ಬೆರೆಸಿದ ಹಾಲನ್ನು ಬೆಳ್ಳಿಯ ಲೋಟಕ್ಕೆ ಸುರಿದಂತೆ. ಹೆಡ್‌ಫೋನಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ದೊಡ್ಡ ಸ್ಪೀಕರಿನಲ್ಲಿ ಹೈ-ಹ್ಯಾಟುಗಳು (ಡ್ರಮ್ಮಿನ ಜೊತೆಗಿನ ತಾಳಗಳು) ತಗಡು ಉಜ್ಜಿದಂತೆ ಸರಸರ ಎನ್ನುತ್ತವೆ, ಹಿಂದಿನ ಪದರಗಳು ಕಲಸಿಹೋಗುತ್ತವೆ.

ಮೂರು ಫೈಲುಗಳ ಕಥೆ ಇನ್ನೂ ಸ್ವಾರಸ್ಯಕರ. ಅವನ್ನು ನೀವು ಮಾವನ ಸಿಡಿಯಿಂದ ಕತ್ತರಿಸಿಕೊಂಡಿದ್ದೀರಿ. ಒಂದರಲ್ಲಿ ಹಿಂದಿನ ಟ್ರ್ಯಾಕಿನ ಹೆಂಗಸಿನ ದನಿ 14ನೆಯ ಸೆಕೆಂಡಿನವರೆಗೂ ಬಾಲದಂತೆ ಎಳೆದುಕೊಂಡು ಬರುತ್ತದೆ. ನಿಮ್ಮ ಕಿವಿಗೆ ಅದೂ ಹಾಡಿನ ಭಾಗವೇ ಎನಿಸಿರಬೇಕು. ಆ ಸರಣಿಯ ಸಿಡಿಗಳು ಮಿಕ್ಸ್ ಸಿಡಿಗಳು. ಒಬ್ಬ ಡಿಜೆ ಟ್ರ್ಯಾಕುಗಳನ್ನು ಒಂದರೊಳಗೊಂದು ಬೆಸೆದು, ವೇಗ ಹೊಂದಿಸಲು ಕೆಲವನ್ನು ಚುರುಕುಗೊಳಿಸಿ, ಕೆಲವನ್ನು ನಿಧಾನಿಸಿ ಕಟ್ಟಿದ ಬಟ್ಟೆ ಅದು. ಅದರಿಂದ ತುಂಡು ಕತ್ತರಿಸಿದರೆ ಆರಂಭವೂ ಇಲ್ಲ, ಮುಕ್ತಾಯವೂ ಇಲ್ಲ, ಮೂಲದ ಶ್ರುತಿಯೂ ಇಲ್ಲ. ಅಂತರ್ಜಾಲದಲ್ಲಿ ಆ ಟ್ರ್ಯಾಕಿನ ಶ್ರುತಿ ಹುಡುಕಿ ಅದಕ್ಕೆ ಹೊಂದುವ ಇನ್ನೊಂದನ್ನು ಆರಿಸಿದ್ದಾಗಿ ಬರೆದಿದ್ದೀರಿ. ಕೂಡಲೇ ಇಲ್ಲವೆಂದೂ ಬರೆದಿದ್ದೀರಿ. ಹೇಗೆ ಕೂಡೀತು? ವೇಗವನ್ನು ಸುಮಾರು ಆರು ಶೇಕಡಾ ಬದಲಿಸಿದರೆ ಶ್ರುತಿ ಪೂರ್ತಿ ಅರ್ಧ ಸ್ವರದಷ್ಟು ಸರಿಯುತ್ತದೆ; ಮೂರು ಶೇಕಡಾ ಬದಲಿಸಿದರೆ ಎರಡು ಮನೆಗಳ ನಡುವೆ ನಿಂತುಬಿಡುತ್ತದೆ.

ಬೀಟು ಜಾರಿದ್ದಕ್ಕೂ ಕಾರಣ ಇಲ್ಲೇ ಇದೆ. ಏಳರಲ್ಲಿ ಎರಡು ಫೈಲುಗಳು ಯಾರದೋ ಮನೆಯ ಟರ್ನ್‌ಟೇಬಲ್‌ನಿಂದ ಧ್ವನಿಮುದ್ರಿಸಿಕೊಂಡವು. ಸೂಜಿಯ ಚಿಟಪಟ ಕೇಳಿಸುತ್ತದೆ. ಮೂಲ ಟ್ರ್ಯಾಕು ಯಂತ್ರದಲ್ಲಿ ಕಟ್ಟಿದ್ದು, ಗಡಿಯಾರದಷ್ಟು ಖಚಿತ. ಆದರೆ ತಟ್ಟೆಯ ತೂತು ಕೂದಲೆಳೆಯಷ್ಟು ಓರೆಯಿದ್ದರೆ, ಮೋಟಾರಿನ ವೇಗ ಒಂದಿಷ್ಟು ತಪ್ಪಿದ್ದರೆ, ಆ ಓಲಾಟವೆಲ್ಲ ಫೈಲಿನಲ್ಲಿ ಕೂತುಬಿಡುತ್ತದೆ. ಸಾಫ್ಟ್‌ವೇರು ಮೊದಲ ಬೀಟುಗಳನ್ನು ಅಳೆದು ಕೊನೆಯವರೆಗೂ ಅದೇ ಅಳತೆ ಎಂದು ನಂಬಿ ಗೆರೆ ಎಳೆಯುತ್ತದೆ. ಅಳತೆ 0.1 ಶೇಕಡಾ ತಪ್ಪಿದರೂ ಐದು ನಿಮಿಷ ಕಳೆಯುವಷ್ಟರಲ್ಲಿ 0.3 ಸೆಕೆಂಡು ಹಿಂದೆ ಬಿದ್ದಿರುತ್ತೀರಿ. ನಿಮಿಷಕ್ಕೆ 126 ಬೀಟು ಇರುವಲ್ಲಿ ಅದು ಅರ್ಧ ಬೀಟಿಗಿಂತ ಹೆಚ್ಚು. ಸಿಂಕ್ ಗುಂಡಿಗೆ ಬೈದು ಫಲವಿಲ್ಲ, ಅದು ತನಗೆ ಕೊಟ್ಟ ಸುಳ್ಳನ್ನು ನಿಷ್ಠೆಯಿಂದ ಪಾಲಿಸಿದೆ ಅಷ್ಟೇ.

ಇನ್ನು ಹನ್ನೊಂದನೆಯದು. ದುಡ್ಡು ಕೊಟ್ಟು ಕೊಂಡ ಫೈಲು ಅದೊಂದೇ, ಮತ್ತು ಅದೊಂದು ಅದ್ಭುತವಾಗಿ ಕೇಳಿಸುತ್ತದೆ. ಹುಟ್ಟುಹಬ್ಬದಲ್ಲಿ ಅದನ್ನೇ ಹಾಕಲಿಲ್ಲವಂತೆ!

ಈಗ ‘ಸೊರಗಿದಂತೆ’ ಎಂಬ ಮಾತು. ಒಳ್ಳೆಯ ಫೈಲು ತಂದರೂ ಈ ದೂರು ಸ್ವಲ್ಪ ಉಳಿಯುತ್ತದೆ, ಏಕೆಂದರೆ ಅದರಲ್ಲಿ ನಿಜವಿದೆ. ತೊಂಬತ್ತರ ದಶಕದ ಮುದ್ರಣಗಳನ್ನು ಇಂದಿನವುಗಳಷ್ಟು ಒತ್ತಿ ತುಂಬುತ್ತಿರಲಿಲ್ಲ. ಮೆಲುದನಿಗೂ ಜೋರುದನಿಗೂ ನಡುವೆ ಜಾಗ ಬಿಡುತ್ತಿದ್ದರು. ಹಾಗಾಗಿ ಪಕ್ಕಪಕ್ಕದಲ್ಲಿ ಹಾಕಿದರೆ ಹಳೆಯದು ಐದಾರು ಡೆಸಿಬಲ್ ಕಡಿಮೆ ಕೇಳುವುದು ಮಾಮೂಲು. ಕಿವಿಯ ಗುಣ ಇನ್ನೊಂದಿದೆ: ಧ್ವನಿ ತಗ್ಗಿದಾಗ ನಮಗೆ ಮೊದಲು ಕಾಣೆಯಾಗುವುದು ಕೆಳಗಿನ ಬೇಸ್ ಮತ್ತು ಮೇಲಿನ ಮಿನುಗು. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಅಂದರೆ ಟ್ರ್ಯಾಕು ತುಸು ತಗ್ಗಿದ್ದರೂ ಅದು ಬಡಕಲಾಗಿದೆ ಎಂದೇ ಮೆದುಳು ತೀರ್ಮಾನಿಸುತ್ತದೆ.

ಆಗ ಕೈ ತಾನಾಗಿ ಟ್ರ್ಯಾಕಿನ ಧ್ವನಿ ಎತ್ತುವ ಗೇನ್ ತಿರುಗಣಿಗೆ ಹೋಗುತ್ತದೆ. ನನ್ನ ಕೈಯೂ ಹೋಗಿತ್ತು. ಚೋರ್ಲಾ ಘಾಟಿನ ಆಚೆ ಒಂದು ರೆಸಾರ್ಟು, ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಹೊಸ ಟ್ರ್ಯಾಕಿನ ಸಮಕ್ಕೆ ಹಳೆಯದನ್ನು ಎತ್ತಲು ಹೋಗಿ ಮಿಕ್ಸರಿನ ಕೆಂಪು ದೀಪ ಆರಲೇ ಇಲ್ಲ. ಮೇಲಿನ ಅಲೆಗಳೆಲ್ಲ ಚಪ್ಪಟೆಯಾಗಿ, ಅರ್ಧ ತಾಸಿನಲ್ಲಿ ಬಲಗಡೆಯ ಸ್ಪೀಕರಿನ ಎರಡು ಹೈ-ಫ್ರೀಕ್ವೆನ್ಸಿ ಡ್ರೈವರುಗಳ ಸುರುಳಿ ಸುಟ್ಟಿತು. ವಾಸನೆ ಮೊದಲು ಬಂತು, ಮೌನ ಆಮೇಲೆ. ಬಾಡಿಗೆಯ ಸಾಮಾನು, ಆ ಸೀಸನ್ನಿನ ದುಡಿಮೆಯೆಲ್ಲ ಅಲ್ಲೇ ತೀರಿತು. ಆದ್ದರಿಂದ ಹಳೆಯದನ್ನು ಎತ್ತಬೇಡಿ, ಹೊಸದನ್ನು ಇಳಿಸಿ. ಹೊಸ ಟ್ರ್ಯಾಕುಗಳ ಗೇನನ್ನು ಐದಾರು ಡೆಸಿಬಲ್ ತಗ್ಗಿಸಿಟ್ಟು, ಕಡಿಮೆಯಾದದ್ದನ್ನು ಕೊನೆಯ ಆಂಪ್ಲಿಫೈಯರಿನ ಕಡೆಯಿಂದ ಸರಿದೂಗಿಸಲು ಸೌಂಡಿನವರಿಗೆ ಹೇಳಿ.

ಅವರಿಗೆ ಇನ್ನೊಂದು ಮಾತೂ ಹೇಳಬೇಕಾಗುತ್ತದೆ. ನಮ್ಮ ಭಾಗದಲ್ಲಿ ಗಣಪತಿ ವಿಸರ್ಜನೆಗೆ ಟ್ರ್ಯಾಕ್ಟರಿನ ಮೇಲೆ ಗೋಡೆಯಂತೆ ಪೇರಿಸುವ ಪೆಟ್ಟಿಗೆಗಳಿಗೆ ‘ಡಾಲ್ಬಿ’ ಎನ್ನುತ್ತೇವೆ. ಆ ಹೆಸರಿನ ಕಂಪನಿಗೂ ಈ ಪೆಟ್ಟಿಗೆಗಳಿಗೂ ಯಾವ ನೆಂಟಸ್ತಿಕೆಯೂ ಇಲ್ಲ, ಇರಲಿ. ಕಪಿಲೇಶ್ವರ ಹೊಂಡದ ಕಡೆ ಮೆರವಣಿಗೆ ಹೊರಟಾಗ ಎದೆ ನಡುಗಬೇಕು ಎಂಬುದೊಂದೇ ಅದರ ಗುರಿ. ಹಾಗಾಗಿ ಬೇಸ್ ವಿಪರೀತ ಎತ್ತಿ, ನಡುವಿನ ಸ್ವರಗಳನ್ನು ಅಗೆದು ತೆಗೆದಿರುತ್ತಾರೆ. ನಿಮ್ಮ ಹಳೆಯ ಟ್ರ್ಯಾಕುಗಳ ಜೀವ ಇರುವುದೇ ಆ ನಡುವಿನಲ್ಲಿ. ಅಲ್ಲಿನ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಪೆಟ್ಟು, ಬಹುಪಾಲು 1983ರಲ್ಲಿ ಬಂದ ರೋಲ್ಯಾಂಡ್ 909 ಎಂಬ ಯಂತ್ರದ್ದು, ಗಿಡ್ಡ, ಒಣ ಪೆಟ್ಟು. ಅದರ ಸುತ್ತ ಸಿಂಥಸೈಜರಿನ ಎಳೆಗಳು ಹೆಣೆದುಕೊಂಡಿರುತ್ತವೆ. ಸಬ್ ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಬೇಸ್ ಸ್ವಲ್ಪ ಇಳಿಸಿ ನಡುವನ್ನು ಮರಳಿ ತುಂಬಿಸಿದರೆ ಅದೇ ಟ್ರ್ಯಾಕು ಎದ್ದು ಕೂರುತ್ತದೆ. ಧ್ವನಿ ಪರೀಕ್ಷೆಗೆ ಸಂಜೆ ಐದಕ್ಕೇ ಹೋಗಿ, ಆ ಹನ್ನೊಂದನೆಯ ಫೈಲನ್ನೇ ಹಾಕಿ ಕೇಳಿಸಿ. ವಾದಕ್ಕಿಳಿಯಬೇಡಿ. ಸೌಂಡಿನವರು ಕಿವಿಯುಳ್ಳವರು, ಕೇಳಿಸಿದರೆ ಸಾಕು.

ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ತಪ್ಪಲ್ಲ, ಅದಕ್ಕೇ ಈ ಗೊಂದಲ. ಒಂದೇ ಹೆಸರು ಎರಡು ಮನೆ ಬದಲಿಸಿದೆ. 1990ರಲ್ಲಿ ಬ್ರಿಟನ್ನಿನ ಲೆಫ್ಟ್‌ಫೀಲ್ಡ್ ಹೆಸರಿನಲ್ಲಿ ಬಂದ ಮೊದಲ ರೆಕಾರ್ಡನ್ನು ಈ ಶೈಲಿಯ ಮೂಲ ಎಂದು ಹಲವರು ಎಣಿಸುತ್ತಾರೆ. ‘ಪ್ರೊಗ್ರೆಸಿವ್ ಹೌಸ್’ ಎಂಬ ಮಾತು ಚಾಲ್ತಿಗೆ ಬಂದದ್ದು 1992ರಲ್ಲಿ, ಬ್ರಿಟನ್ನಿನ ಮಿಕ್ಸ್‌ಮ್ಯಾಗ್ ಪತ್ರಿಕೆಯಲ್ಲಿ ಡಾಮ್ ಫಿಲಿಪ್ಸ್ ಬರೆದ ಲೇಖನದಿಂದ. (2022ರಲ್ಲಿ ಅಮೆಜಾನ್ ಕಾಡಿನಲ್ಲಿ ಕೊಲೆಯಾದ ಪತ್ರಕರ್ತ ಇದೇ ಡಾಮ್ ಫಿಲಿಪ್ಸ್. ಅದನ್ನು ಓದಿದ ದಿನ ನನಗೆ ಬಹಳ ಹೊತ್ತು ಕೆಲಸ ಮಾಡಲಾಗಲಿಲ್ಲ.) ಅದೇ ವರ್ಷ ಮ್ಯಾನ್ಸ್‌ಫೀಲ್ಡ್ ಎಂಬ ಗಣಿಗಳ ಸೀಮೆಯ ಸಣ್ಣ ಊರಿನಲ್ಲಿ ರಿನೇಸಾನ್ಸ್ ಕ್ಲಬ್ಬು ಶುರುವಾಯಿತು. ಅಲ್ಲಿ ನುಡಿಸುತ್ತಿದ್ದ ಸಾಶಾ ಮತ್ತು ಜಾನ್ ಡಿಗ್ವೀಡ್ 1994ರಲ್ಲಿ ಆ ಕ್ಲಬ್ಬಿನ ಹೆಸರಿನಲ್ಲೇ ಮೂರು ಸಿಡಿಗಳ ಮಿಕ್ಸ್ ತಂದರು. ನಿಮ್ಮ ಮಾವ ಕೊಂಡ ಸರಣಿ 1996ರಲ್ಲಿ ಆರಂಭವಾಯಿತು. ಒಂದೊಂದು ಸಂಪುಟಕ್ಕೂ ಒಂದೊಂದು ನಗರದ ಹೆಸರು. ಸಾಶಾ, ಡಿಗ್ವೀಡ್ ಇಬ್ಬರೂ ನ್ಯೂಯಾರ್ಕಿನ ಟ್ವೈಲೊ ಕ್ಲಬ್ಬಿನಲ್ಲಿ ತಿಂಗಳಿಗೊಮ್ಮೆ ಇಡೀ ರಾತ್ರಿ ನುಡಿಸುತ್ತಿದ್ದ ಕಾಲ ಅದು. 2001ರಲ್ಲಿ ಕ್ಲಬ್ಬು ಮುಚ್ಚಿತು.

ಮುಂದಿನ ಹತ್ತು ವರ್ಷದಲ್ಲಿ ಫ್ಯಾಷನ್ನು ಬೇರೆ ಕಡೆ ತಿರುಗಿತು, ‘ಪ್ರೊಗ್ರೆಸಿವ್’ ಎನ್ನುವುದಕ್ಕೇ ಡಿಜೆಗಳು ನಾಚಿಕೊಳ್ಳತೊಡಗಿದರು. ಖಾಲಿ ಬಿದ್ದ ಆ ಹೆಸರಿನ ಮನೆಗೆ 2010ರ ಸುಮಾರಿಗೆ ಹೊಸಬರು ಬಂದು ಸೇರಿದರು: ನಾಲ್ಕು ನಿಮಿಷದ ಹಾಡು, ಕೈ ಎತ್ತಿ ಕೂಗುವ ರಾಗ, ಮೈದಾನದ ಜಾತ್ರೆ. ಅವೀಚಿ ಆ ಕಾಲದವನು. (ಆ ಹೆಸರು ನಮ್ಮ ಸಂಸ್ಕೃತದ್ದೇ, ಬೌದ್ಧರ ಒಂದು ನರಕದ ಹೆಸರು, ನಿಮ್ಮ ಗೆಳೆಯರಿಗೆ ಹೇಳಿ, ಮಾತು ಬೇರೆ ಕಡೆ ಹೊರಳುತ್ತದೆ.) ಟ್ರ್ಯಾಕು ಮಾರುವ ಬೀಟ್‌ಪೋರ್ಟಿನಂಥ ತಾಣಗಳಲ್ಲೂ ಎರಡಕ್ಕೂ ಬಹುಕಾಲ ಒಂದೇ ಕಪಾಟು. ಹಾಗಾಗಿ ಹುಡುಕುವಾಗ ಶೈಲಿಯ ಹೆಸರನ್ನು ನಂಬಬೇಡಿ. ಲೇಬಲ್ಲು (ರೆಕಾರ್ಡು ತಂದ ಕಂಪನಿ) ಮತ್ತು ವರ್ಷ ನೋಡಿ.

ಹೆಸರಿನೊಳಗಿನ ಅರ್ಥಕ್ಕೆ ನಮ್ಮಲ್ಲೇ ಒಳ್ಳೆಯ ಪದವಿದೆ. ನಿಮ್ಮ ಬಾಗಲಕೋಟೆ ಸೀಮೆಯ ಕರಡಿ ಮಜಲನ್ನು ಮೆರವಣಿಗೆಗಳಲ್ಲಿ ಕೇಳಿಯೇ ಇರುತ್ತೀರಿ. ಮಜಲು ಎಂದರೆ ದಾರಿಯ ಒಂದು ಘಟ್ಟ. ಈ ಸಂಗೀತವೂ ಮಜಲಿನಿಂದ ಮಜಲಿಗೆ ಸಾಗುವಂಥದ್ದು. ಧಾರವಾಡ, ಬೆಳಗಾವಿ ಕಡೆಯವರು ಇದನ್ನು ವಿಲಂಬಿತ ಖಯಾಲಿಗೆ ಹೋಲಿಸಿ ಖುಷಿಪಡುವುದುಂಟು. ನನಗೆ ಆ ಹೋಲಿಕೆ ಅರ್ಧದವರೆಗೆ ಮಾತ್ರ ಒಪ್ಪಿಗೆ. ಖಯಾಲಿನಲ್ಲಿ ಲಯ ಏರುತ್ತದೆ, ಗಾಯಕನ ಆ ಕ್ಷಣದ ಮನಸ್ಸು ಮಾತಾಗುತ್ತದೆ. ಇಲ್ಲಿ ವೇಗ ಕೂದಲಷ್ಟೂ ಬದಲಾಗುವುದಿಲ್ಲ. ಪದರಗಳು ಒಂದೊಂದಾಗಿ ಸೇರುತ್ತವೆ, ಒಂದೊಂದಾಗಿ ಕಳಚುತ್ತವೆ. ಅಂಡರ್‌ವರ್ಲ್ಡ್ ತಂಡದ 1993ರ ‘ರೆಜ್’ ಸುಮಾರು ಹತ್ತು ನಿಮಿಷವಿದೆ, ಸಾಶಾನ 1999ರ ‘ಎಕ್ಸ್‌ಪ್ಯಾಂಡರ್’ ಹನ್ನೊಂದು ದಾಟುತ್ತದೆ. ಅಷ್ಟು ಉದ್ದ ಯಾಕೆ ಎಂದರೆ, ಮೊದಲ ಒಂದೆರಡು ನಿಮಿಷ ಮತ್ತು ಕೊನೆಯ ಒಂದೆರಡು ನಿಮಿಷವನ್ನು ಡಿಜೆಯ ಕೈಗೆಂದೇ ಹೆಚ್ಚುಕಡಿಮೆ ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗ ನಿಮಗೆ ಬಡತನವಾಗಿ ಕೇಳಿತು. ಅದು ಇನ್ನೊಂದು ಟ್ರ್ಯಾಕು ಬಂದು ಕೂರಲಿ ಎಂದು ಹಾಸಿದ ಚಾಪೆ.

ಕೈಯ ಅಭ್ಯಾಸ ಎಂದೆನಲ್ಲ, ಅದು ಇಲ್ಲಿದೆ. ಮದುವೆಯಲ್ಲಿ ನಾವು ಒಂದೂವರೆ ನಿಮಿಷಕ್ಕೊಂದು ಹಾಡು ಕತ್ತರಿಸುತ್ತೇವೆ; ಪಲ್ಲವಿ ಮುಗಿಯಿತೋ, ಮುಂದಿನದು. ಅದೂ ಒಂದು ಕಸುಬು, ಸುಲಭದ್ದಲ್ಲ. ಆದರೆ ಅದೇ ಕೈಯಿಂದ ಇದನ್ನು ನುಡಿಸಲಾಗದು. ಕೆಫೆಯ ಸಂಜೆಗೆ ಮುಂಚೆ ಮನೆಯಲ್ಲಿ ಇದೊಂದನ್ನು ಮಾಡಿ ನೋಡಿ. ಎರಡೂ ಟ್ರ್ಯಾಕುಗಳನ್ನು ನಿಮಿಷಕ್ಕೆ 124 ಬೀಟಿಗೆ ತಂದುಕೊಳ್ಳಿ, ಸಿಂಕ್ ಬಂದ್ ಮಾಡಿ. ಮೊದಲನೆಯದರ ಹೊಸ ಸುತ್ತು ಆರಂಭವಾಗುವ ಬೀಟಿಗೇ ಎರಡನೆಯದನ್ನು ಬಿಡಿ, ಆದರೆ ಅದರ ಬೇಸ್ ತಿರುಗಣಿ ಪೂರ್ತಿ ಮುಚ್ಚಿರಲಿ, ಧ್ವನಿ ಏರಿಳಿಸುವ ಜಾರುಪಟ್ಟಿ, ಅಂದರೆ ಫೇಡರ್ ಕೆಳಗಿರಲಿ. ಈಗ ಹೆಡ್‌ಫೋನಿನಲ್ಲಿ ಎರಡರ ಕಿಕ್ಕನ್ನೂ ಕೇಳಿ. ಒಂದೇ ಪೆಟ್ಟಾಗಿ ಕೇಳುತ್ತಿದೆಯೇ, ಕುದುರೆ ಓಡಿದಂತೆ ಟಕಟಕ ಎನ್ನುತ್ತಿದೆಯೇ? ಜೋಡಿ ಎತ್ತಿನ ಹೆಜ್ಜೆ ಕೂಡುವ ಮೊದಲು ಕೂರಿಗೆ ಹೂಡುವುದಿಲ್ಲ, ಹಾಗೆ ಕಾಯಿರಿ. ಪ್ಲೇಯರಿನ ಮೇಲಿನ ಜಾಗ್ ಚಕ್ರವನ್ನು ಬೆರಳ ತುದಿಯಿಂದ ಮುಟ್ಟಿ ಸರಿಪಡಿಸಿ. ಕೂಡಿತು ಎನಿಸಿದ ಮೇಲೆ ಫೇಡರನ್ನು ನಾಲ್ಕು ಬೀಟಿನ 16 ಬಾರ್‌ಗಳಲ್ಲಿ, ಅಂದರೆ ಸುಮಾರು ಅರ್ಧ ನಿಮಿಷದಲ್ಲಿ ಮೇಲೆತ್ತಿ. ಯಾರಿಗೂ ಗೊತ್ತಾಗಬಾರದು. ಹೊಸ ಹೈ-ಹ್ಯಾಟು ಬಂದಿದೆ, ಗಾಳಿ ಸ್ವಲ್ಪ ತೆಳುವಾಗಿದೆ ಎನಿಸಿದರೆ ಸಾಕು.

ಎರಡನೆಯ ಟ್ರ್ಯಾಕಿನ ಬೇಸ್ ತಾನಾಗಿ ಪ್ರವೇಶಿಸುವ ಸುತ್ತು ಬರುತ್ತದಲ್ಲ, ಅಲ್ಲಿ ಒಂದೇ ಬೀಟಿನಲ್ಲಿ ಹಳೆಯದರ ಬೇಸ್ ಇಳಿಸಿ ಹೊಸದರ ಬೇಸ್ ತೆರೆಯಿರಿ. ಎರಡು ಬೇಸ್ ಏಕಕಾಲಕ್ಕೆ ತೆರೆದಿದ್ದರೆ ಕೆಸರಾಗುತ್ತದೆ. ಈಗ ಮೊದಲನೆಯದರ ರಾಗ ಎರಡನೆಯದರ ನೆಲದ ಮೇಲೆ ತೇಲುತ್ತಿರುತ್ತದೆ. ಮುಂದಿನ ಒಂದು ನಿಮಿಷ ಕೈ ಕಟ್ಟಿಕೊಂಡು ನಿಲ್ಲಿ. ಆ ಒಂದು ನಿಮಿಷದಲ್ಲಿ ಕೇಳುವುದು ಯಾವ ರೆಕಾರ್ಡಿನಲ್ಲೂ ಇಲ್ಲದ ಮೂರನೆಯ ಟ್ರ್ಯಾಕು. ಮಾವನ ಸಿಡಿಯಲ್ಲಿ ನಿಮಗೆ ಹುಚ್ಚು ಹಿಡಿಸಿದ್ದು ಬಹುಶಃ ಅಂಥ ಜಾಗಗಳೇ. ಅವನ್ನು ಕೊಂಡು ತರಲು ಬರುವುದಿಲ್ಲ, ಕಟ್ಟಬೇಕು. ನೀವು ಆ ಕಾಲದಲ್ಲಿ ಹುಟ್ಟಿರಲಿಲ್ಲ ಎಂಬುದಕ್ಕೆ ಇಲ್ಲಿ ಯಾವ ಬೆಲೆಯೂ ಇಲ್ಲ. ತೋರಿಕೆಯಾಗುವುದು ಯಾವಾಗೆಂದರೆ, ಮೈಕು ಹಿಡಿದು ‘ಇದು 1995ರದ್ದು, ನಿಮಗೆಲ್ಲ ಗೊತ್ತಿಲ್ಲ’ ಎಂದು ಜನರಿಗೆ ಪಾಠ ಹೇಳಿದಾಗ.

ನಿಮ್ಮ ಗೆಳೆಯರು ನಕ್ಕರೂ ಹಲವು ಡಿಜೆಗಳು ಈಗ ಮತ್ತೆ ಈ ಹಳೆಯ ಪ್ರೊಗ್ರೆಸಿವ್ ಕಡೆ ತಿರುಗಿದ್ದಾರೆ, ಯಾಕೆ? ನಾನು ಕಂಡಂತೆ ಹೇಳುತ್ತೇನೆ. ಇಂದಿನ ಕ್ಲಬ್ಬುಗಳಲ್ಲಿ ಮೆಲೋಡಿಕ್ ಟೆಕ್ನೋ ಎಂಬ ಶೈಲಿಯಾಗಿ ಬರುತ್ತಿರುವುದರಲ್ಲಿ ಬಹಳಷ್ಟು ಒಂದೇ ಅಚ್ಚಿನದಾಗಿದೆ: ಒಂದೇ ಏರಿಕೆ, ಒಂದೇ ಮೌನ, ಒಂದೇ ಸ್ಫೋಟ, ಎಲ್ಲ ಮೊಬೈಲಿನಲ್ಲಿ ಹಿಡಿಯಲು ಹದವಾಗಿ. ಅದರಿಂದ ದಣಿದ ಡಿಜೆಗಳು ಯಾರೂ ಮುಟ್ಟದೆ ಬಿದ್ದಿದ್ದ ಪೆಟ್ಟಿಗೆ ತೆರೆದರು. ನಾಚಿಕೆಯ ಕಾಲದಲ್ಲಿ ಈ ರೆಕಾರ್ಡುಗಳನ್ನು ಹಳೆಯ ಅಂಗಡಿಗಳಲ್ಲಿ ಕೇಳುವವರೇ ಇರಲಿಲ್ಲ, ಹಾಗಾಗಿ ಹುಡುಕಿದವರಿಗೆ ಅಗ್ಗದಲ್ಲಿ ಸಿಕ್ಕವು. 2000ರ ಸುತ್ತಿನ, ಡ್ರಮ್ಮುಗಳೇ ತುಂಬಿದ ಗಾಢ ಟ್ರ್ಯಾಕುಗಳಂತೂ ಇಂದಿನ ಟೆಕ್ನೋ ಪಕ್ಕದಲ್ಲಿ ಎಗ್ಗಿಲ್ಲದೆ ಕೂರುತ್ತವೆ. ಅರ್ಜೆಂಟೀನಾದ ಹೆರ್ನಾನ್ ಕಟಾನಿಯೊ ಅಂಥವರು ಈ ದಾರಿಯನ್ನು ಬಿಟ್ಟೇ ಇರಲಿಲ್ಲ ಎಂಬುದೂ ನೆನಪಿರಲಿ. ಬ್ಯೂನಸ್ ಐರಿಸಿನವರಿಗೆ ಇದು ‘ಮರುಶೋಧ’ ಎಂದರೆ ನಗು ಬಂದೀತು.

ಇನ್ನು ಆ 1.80 ಲಕ್ಷ. ವಿನೈಲು ನನಗೂ ಇಷ್ಟ, ನನ್ನಲ್ಲಿ ಎರಡು ಡಬ್ಬಿ ಇವೆ. ಆದರೆ ‘ವಿನೈಲೇ ಅಸಲಿ’ ಎಂಬುದು ಮಾರುವವರ ಬಾಯಲ್ಲಿ ಕೇಳಿದಾಗ ಎಚ್ಚರವಿರಲಿ. ಸಾಶಾನಂಥವರೇ 2000ದ ದಶಕದಲ್ಲಿ ಲ್ಯಾಪ್‌ಟಾಪಿಗೆ, ಏಬಲ್‌ಟನ್ ಸಾಫ್ಟ್‌ವೇರಿಗೆ ಹೊರಳಿದರು. ಟರ್ನ್‌ಟೇಬಲ್ ಕೊಂಡರೆ ಖರ್ಚು ಅಲ್ಲಿಗೆ ನಿಲ್ಲುವುದಿಲ್ಲ. ರೆಕಾರ್ಡುಗಳು ವಿದೇಶದಿಂದ ಬರಬೇಕು, ಅಂಚೆ ಮತ್ತು ಸುಂಕ ಸೇರಿದರೆ ಕೆಲವೊಮ್ಮೆ ತಟ್ಟೆಗಿಂತ ದಾರಿಯೇ ದುಬಾರಿ. ಬೆಳಗಾವಿಯ ಮಳೆಗಾಲದಲ್ಲಿ ಹೊದಿಕೆಗೆ ಬೂಷ್ಟು ಹಿಡಿಯುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ನಮ್ಮ ಪೆಟ್ಟಿಗೆಗಳದ್ದು: ಸಬ್ ಬೇಸಿನ ನಡುಕ ಮೇಜಿನ ಮೂಲಕ ಸೂಜಿಗೆ ಏರಿ, ಸೂಜಿಯಿಂದ ಮತ್ತೆ ಸ್ಪೀಕರಿಗೆ ಹೋಗಿ, ‘ಬೂಂ’ ಎಂಬ ಗೂಳಿಯ ದನಿ ಶುರುವಾಗುತ್ತದೆ. ಅದಕ್ಕೆ ನಾನು ಮಾಡುವ ಉಪಾಯ ಶಹಾಬಾದಿ ಫರಸಿಯ ಒಂದು ಕಲ್ಲು, ಅದರಡಿ ಗಾಳಿ ತುಂಬಿದ ಸೈಕಲ್ ಟ್ಯೂಬು. ಕೆಲಸ ಮಾಡುತ್ತದೆ, ಆದರೆ ಕಲ್ಲು ಹೊತ್ತುಕೊಂಡು ಬಾಗಲಕೋಟೆಯಿಂದ ಬಸ್ಸಿನಲ್ಲಿ ಬನ್ನಿ ಎಂದು ನಿಮಗೆ ಹೇಳಲಾರೆ. ವರ್ಷದ ನಂತರವೂ ಆಸೆ ಉಳಿದಿದ್ದರೆ ಒಂದೇ ಒಂದು ಟರ್ನ್‌ಟೇಬಲ್ ಕೊಳ್ಳಿ, ಫೈಲಿನಲ್ಲಿ ಎಲ್ಲೂ ಸಿಗದ ಟ್ರ್ಯಾಕುಗಳನ್ನು ಮನೆಯಲ್ಲಿ ಸ್ವಚ್ಛವಾಗಿ ಮುದ್ರಿಸಿಕೊಳ್ಳಲು.

ಈಗ ಮಾಡಬೇಕಾದದ್ದಕ್ಕೆ ಅದರ ಸಣ್ಣ ಪಾಲು ಸಾಕು. ಎರಡು ತಾಸಿಗೆ, ಉದ್ದುದ್ದ ಬೆಸುಗೆ ಹಾಕಿದರೆ, ಹದಿನೆಂಟು ಟ್ರ್ಯಾಕು ತುಂಬಾಯಿತು. ಎಲ್ಲವೂ ಹಳೆಯವೇ ಆಗಲಿ ಎಂಬ ಹಟ ಬೇಡ; ಅದು ವಸ್ತುಸಂಗ್ರಹಾಲಯವಾಗುತ್ತದೆ, ಮತ್ತು ಗೊತ್ತಿಲ್ಲದ ಜನ ಬೇಗ ದೂರವಾಗುತ್ತಾರೆ. ಏಳೆಂಟು ಹಳೆಯವು, ಉಳಿದವು ಅದೇ ಮನೆತನದ ಹೊಸವು. ಒಂದೊಂದು ಹಳೆಯದಕ್ಕೂ ಹೊಸ ಜೋಡಿ ಹುಡುಕಿ. ಮರುಮುದ್ರಣ ಕೊಳ್ಳುವಾಗ ಮೊದಲು ತುಣುಕು ಕೇಳಿ; ಕೆಲವನ್ನು ಇಂದಿನ ರೂಢಿಗೆ ಒತ್ತಿ ತುಂಬಿ ಹಾಳು ಮಾಡಿದ್ದಾರೆ, ಅಂಥಲ್ಲಿ ಹಳೆಯ ಸಿಂಗಲ್ ಸಿಡಿಯೇ ಮೇಲು. ಉದ್ದದ ಟ್ರ್ಯಾಕನ್ನು ನೀವೇ ಕತ್ತರಿಸಿ ಗಿಡ್ಡ ಮಾಡಿಕೊಳ್ಳುವ ದಾರಿಯೂ ಇದೆ. ನಾನು ಮಾಡಿದ್ದೇನೆ, ಪ್ರತಿ ಸಲವೂ ಪಶ್ಚಾತ್ತಾಪಪಟ್ಟಿದ್ದೇನೆ.

ಹಕ್ಕಿನ ವಿಷಯ ಚುಟುಕಾಗಿ. ಹಳೆಯದು ಎಂದ ಮಾತ್ರಕ್ಕೆ ಬಿಟ್ಟಿಯಲ್ಲ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಂಭ್ರಮಗಳಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ವಿನಾಯಿತಿ ಇದೆ, ಮದುವೆಗಳ ಮಟ್ಟಿಗೆ ಆರು ವರ್ಷ ನೀವು ಅದರ ನೆರಳಿನಲ್ಲಿದ್ದಿರಿ. ಕೆಫೆಗೆ ಆ ನೆರಳಿಲ್ಲ. ಪರವಾನಗಿ ಕೆಫೆಯವರು ಪಡೆದಿದ್ದಾರೆಯೇ ಎಂದು ಕೇಳಿ, ಹೌದೆಂದರೆ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ತೆರೆದ ಅಂಗಳದಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕ ನಡೆಯದು, ಆದ್ದರಿಂದ ಏಳೂವರೆಗೆ ಆರಂಭಿಸಿ.

ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ಆ ಕಾಲದ ಕ್ಲಬ್ಬುಗಳಲ್ಲಿ ಮಾದಕ ವಸ್ತು ಇತ್ತು, ಗೋವಾದಲ್ಲೂ ಇತ್ತು. ನಾನೇ ಕಣ್ಣಾರೆ ಕಂಡು ಇಬ್ಬರು ಸಹೋದ್ಯೋಗಿಗಳ ಬದುಕು ಕೆಟ್ಟದ್ದನ್ನು ನೋಡಿದ್ದೇನೆ. ಬ್ರಿಟನ್ ಸರ್ಕಾರ 1994ರ ಕಾನೂನೊಂದರಲ್ಲಿ ‘ಒಂದೇ ಸಮ ಮರುಕಳಿಸುವ ಬೀಟು’ಗಳನ್ನೇ ಹೆಸರಿಸಿ ಬಯಲು ಕೂಟಗಳಿಗೆ ಕಡಿವಾಣ ಹಾಕಿತ್ತು. ಆದರೆ ಸಂಗೀತ ನಶೆಯಿಂದ ಹುಟ್ಟಿದ್ದಲ್ಲ, ನಶೆಯಿಲ್ಲದೆ ಕೇಳಲಾಗದ್ದೂ ಅಲ್ಲ. ವಾದಿಸುವ ಬದಲು ಅವರನ್ನು ಆ ಸಂಜೆ ಕರೆತನ್ನಿ, ಮೊದಲ ಸಾಲಿನ ಸ್ಪೀಕರಿನಿಂದ ದೂರ, ಚಹಾದ ಮೇಜಿನ ಹತ್ತಿರ ಕೂರಿಸಿ. ನಾನೂ ಬರುತ್ತೇನೆ, ಅವರ ಜೊತೆ ಕೂರುತ್ತೇನೆ.

ಎರಡು ಪೆನ್‌ಡ್ರೈವ್ ತನ್ನಿ, ಎರಡರಲ್ಲೂ ಅದೇ ಟ್ರ್ಯಾಕುಗಳಿರಲಿ. ಫೈಲುಗಳು 16 ಬಿಟ್, 44.1 ಕಿಲೋಹರ್ಟ್ಸ್ ವೇವ್ ಆಗಿರಲಿ. ಆ ಕೆಫೆಯಲ್ಲಿರುವುದು ಹಳೆಯ ಸಿಡಿಜೆ ಪ್ಲೇಯರುಗಳು, ಅವು ಫ್ಲಾಕ್ ಬಗೆಯ ಫೈಲು ಓದುವುದಿಲ್ಲ.